ಸೂಚನಾಫಲಕದ ಧರ್ಮ

1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ 1950ರಲ್ಲಿ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು ನರಗುಂದದಂತಹ ಊರುಗಳ ಮಕ್ಕಳಿಗೆ ಉನ್ನತ ವಿದ್ಯೆಯನ್ನು ಸಮೀಪಕ್ಕೆ ತಂದಿತು. ಪಾಠ, ಉಪನ್ಯಾಸ, ವಿದ್ಯಾರ್ಥಿವೇತನ ಇವೆಲ್ಲವುಗಳ ವಾರ್ತೆಯನ್ನು ಅಲ್ಲಿ ಸಾರುವುದು ಸೂಚನಾಫಲಕವು. ನರಗುಂದದ ತರುಣನೊಬ್ಬನು ವೇತನದ ಪ್ರಕಟಣೆಯನ್ನು ಕಂಡನೆನ್ನಿರಿ. ಜ್ವರದಿಂದ ಮಲಗಿರುವ ಕೋಣೆಯ ಗೆಳೆಯನಿಗೆ ಅದನ್ನು ತಿಳಿಸಬೇಕೇ? ಮೌನವು ಸುಳ್ಳಲ್ಲವೆಂದು ಕೆಲವರು ವಾದಿಸುವರು. ವಿದ್ಯೆಯು ಹಂಚಿದಷ್ಟೂ ಬೆಳೆಯುವುದು ನಿಜ. ವೇತನವಾದರೋ ಒಬ್ಬನಿಗೆ ದೊರೆತರೆ ಇನ್ನೊಬ್ಬನಿಗಿಲ್ಲ. ಧರ್ಮದ ಪರೀಕ್ಷೆಯಿರುವುದು ಇಲ್ಲಿಯೇ. ಸರ್ವರಿಗಾಗಿ ಬರೆದುದನ್ನು ಮರೆಮಾಡುವವನು ಪರರ ಪಾಲನ್ನೇ ಮರೆಮಾಡಿದಂತೆ. ತಿಳಿಸಿ ಸೋತವನಿಗೆ ವೇತನವಷ್ಟೇ ನಷ್ಟ. ತಿಳಿಸದೆ ಗೆದ್ದವನಿಗೆ ತನ್ನ ಯೋಗ್ಯತೆಯ ನಿಶ್ಚಯವೇ ನಷ್ಟ. ಊರಿನಿಂದ ಬಂದ ರೊಟ್ಟಿಯ ಗಂಟನ್ನು ಬಿಚ್ಚಿ ಗೆಳೆಯನೊಡನೆ ಹಂಚಿ ಉಣ್ಣುವ ಕೈಯು ವಾರ್ತೆಯ ಗಂಟನ್ನೇಕೆ ಬಿಗಿಯಬೇಕು?