ಸೇವೆ ಅವಳದು, ತೀರ್ಮಾನ ಯಾರದು?

ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಮ್ಮ ಬಡಾವಣೆಗಳಲ್ಲಿ ಕನ್ಯಾಸ್ತ್ರೀಯರು ಪಾಠ ಹೇಳುವ ಶಾಲೆಗಳು ಯಾರಿಗೂ ಹೊಸವಲ್ಲ. ನಮ್ಮ ಸಮುದಾಯದ ಎಷ್ಟೋ ಮಕ್ಕಳು ಅಂಥ ಸಿಸ್ಟರುಗಳ ಕೈಯಲ್ಲೇ ಅಕ್ಷರ ಕಲಿತವರು. ಶಾಲೆಯ ಶಿಸ್ತು, ಲೆಕ್ಕಪತ್ರ, ಕಟ್ಟಡ ಎಲ್ಲವನ್ನೂ ನಿಭಾಯಿಸಬಲ್ಲ ಈ ಹೆಣ್ಣುಮಕ್ಕಳು ಚರ್ಚಿನಲ್ಲಿ ಬಲಿಪೂಜೆ ಅರ್ಪಿಸುವಂತಿಲ್ಲ.

ಕಥೋಲಿಕರು ಇದಕ್ಕೆ ಕೊಡುವ ಕಾರಣವನ್ನು ಹಗುರವಾಗಿ ತಳ್ಳಿಹಾಕಬಾರದು. ಯೇಸು ಆರಿಸಿಕೊಂಡ ಹನ್ನೆರಡು ಪ್ರೇಷಿತರೂ ಗಂಡಸರು. ಅದನ್ನು ಬದಲಿಸುವ ಅಧಿಕಾರ ಧರ್ಮಸಭೆಗೇ ಇಲ್ಲವೆಂದು ಪೋಪ್ ಎರಡನೇ ಜಾನ್ ಪಾಲ್ 1994ರಲ್ಲಿ ಸಾರಿದರು. ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಬೇರೆ ದಾರಿ ಹಿಡಿಯಿತು. ಅಲ್ಲಿ 1976ರಲ್ಲಿ ಎಲಿಜಬೆತ್ ಪಾಲ್ ಸಭಾಪಾಲಕಿಯಾಗಿ ದೀಕ್ಷೆ ಪಡೆದರು. ಆದರೆ ಆ ಸಭೆಯ ಮೊದಲ ಮಹಿಳಾ ಬಿಷಪ್ ಆಗಿ ಇ. ಪುಷ್ಪಲಲಿತಾ ನಂದ್ಯಾಲದಲ್ಲಿ ಪೀಠವೇರಿದ್ದು 2013ರಲ್ಲಿ. ಹೊಸ್ತಿಲಿನಿಂದ ಕುರ್ಚಿಯವರೆಗೆ ನಡೆಯಲು ಮೂವತ್ತೇಳು ವರ್ಷ!

ಕಥೆ ಬರೆಯುವವರಾದ ನಮ್ಮನ್ನು ಹಿಡಿದು ನಿಲ್ಲಿಸುವುದು ಲೂಕನ ಸುವಾರ್ತೆಯ ಒಂದು ಸಣ್ಣ ಸಂಗತಿ. ಸಮಾಧಿ ಬರಿದಾಗಿರುವುದನ್ನು ಮೊದಲು ಕಂಡವರು ಹೆಂಗಸರು. ಮಗ್ದಲದ ಮರಿಯಳೂ ಜೊತೆಯವರೂ ಓಡಿಬಂದು ಹೇಳಿದರೆ ಪ್ರೇಷಿತರು ಅದನ್ನು ಹರಟೆಯೆಂದು ಬಗೆದು ನಂಬಲಿಲ್ಲ. ಕ್ರೈಸ್ತ ಧರ್ಮ ನಿಂತಿರುವುದೇ ಆ ಸುದ್ದಿಯ ಮೇಲೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಎಂದ ಪೌಲನೇ ರೋಮಾಪುರದವರಿಗೆ ಬರೆಯುವಾಗ ಫೊಯಿಬೆ ಎಂಬಾಕೆಯನ್ನು ಸಭೆಯ ಸೇವಕಿಯೆಂದು ಗೌರವದಿಂದ ಪರಿಚಯಿಸುತ್ತಾನೆ. ಮೊದಲನೆಯ ಮಾತನ್ನು ಎಲ್ಲರೂ ಬಲ್ಲರು, ಎರಡನೆಯದನ್ನು ಹುಡುಕಬೇಕು.

ಹಾಗಾಗಿ ಬಲಿಪೀಠದ ಪ್ರಶ್ನೆಗಿಂತಲೂ, ಹೆಣ್ಣಿನ ಮಾತನ್ನು ಕೇಳಿ ತೀರ್ಮಾನಿಸುವವರು ಯಾರು ಎಂಬುದು ನಮಗೆ ದೊಡ್ಡದಾಗಿ ಕಾಣುತ್ತದೆ. 2018ರಲ್ಲಿ ಕೇರಳದ ಕನ್ಯಾಸ್ತ್ರೀಯೊಬ್ಬರು ಬಿಷಪ್ ಒಬ್ಬರ ಮೇಲೆ ಅತ್ಯಾಚಾರದ ಆರೋಪ ಹೊರಿಸಿದರು. 2022ರ ಜನವರಿಯಲ್ಲಿ ಕೊಟ್ಟಾಯಂ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಸತ್ಯಾಸತ್ಯ ನಿರ್ಣಯಿಸಲು ನಾವು ಯಾರೂ ಅಲ್ಲ. ಆದರೆ ಆಕೆಯ ಜೊತೆಗಾತಿ ಸಿಸ್ಟರುಗಳು ಕೊಚ್ಚಿಯ ಬೀದಿಯಲ್ಲಿ ಧರಣಿ ಕೂರಬೇಕಾಯಿತಲ್ಲ! ಮಠದೊಳಗೆ ಅವರ ಅಹವಾಲಿಗೆ ಕಿವಿಯಿದ್ದಿದ್ದರೆ ಬೀದಿಯ ಗೊಡವೆ ಏಕೆ?

ಗುರುದೀಕ್ಷೆ ಕೊಡದೆಯೂ ಅಧಿಕಾರ ಕೊಡಬಹುದು. ಜಗತ್ತಿನ ಸನ್ಯಾಸ ಸಭೆಗಳನ್ನು ನೋಡಿಕೊಳ್ಳುವ ವ್ಯಾಟಿಕನ್ ಇಲಾಖೆಗೆ ಪೋಪ್ ಫ್ರಾನ್ಸಿಸ್ 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಂಬಿಲ್ಲಾ ಅವರನ್ನು ಮುಖ್ಯಸ್ಥೆಯಾಗಿ ನೇಮಿಸಿದರು. ಪಕ್ಕದಲ್ಲೊಬ್ಬ ಕಾರ್ಡಿನಲರನ್ನೂ ಕೂರಿಸಿದರೆನ್ನಿ!

ನೆರೆಮನೆಯ ಮಾತಾಡಿ ನಮ್ಮ ಮನೆಯ ಕದ ಮುಚ್ಚಿಕೊಂಡರೆ ನ್ಯಾಯವಲ್ಲ. ಹಜ್ರತ್ ಆಯಿಷಾ ಅವರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸುಗಳು ಉಮ್ಮತ್ತಿಗೆ ದಕ್ಕಿವೆ. ದೊಡ್ಡ ದೊಡ್ಡ ಸಹಾಬಿಗಳೇ ಸಂದೇಹ ಬಂದಾಗ ಅವರ ಬಾಗಿಲಿಗೆ ಹೋಗುತ್ತಿದ್ದರು. ಇಂದು ತಲಾಕಿನ, ಜೀವನಾಂಶದ ದೂರು ಹೊತ್ತು ಜಮಾತಿನ ಮುಂದೆ ನಿಲ್ಲುವ ಹೆಣ್ಣುಮಗಳ ಎದುರು ಕೂತಿರುವವರು ಬಹುತೇಕ ಗಂಡಸರೇ.