ಬೇನೆಯನ್ನು ಮುಚ್ಚಿಡುವುದು ಸಹನೆಯೇ?

ಅರವತ್ತು ಎಪ್ಪತ್ತು ವರುಷ ದಾಟಿದ ಯಜಮಾನರು ತಮ್ಮ ಬೇನೆಯನ್ನು ಹೊರಗೆಡಹದೆ ನುಂಗಿಕೊಂಡಿರುವುದನ್ನು ಒಂದು ದೊಡ್ಡ ಗುಣವೆಂದು ಕೊಂಡಾಡುವ ವಾಡಿಕೆ ನಮ್ಮ ಮನೆಗಳಲ್ಲಿ ಉಂಟು. 'ನಮ್ಮ ಅಪ್ಪಾವರು ಒಂದು ದಿನವೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ' ಎಂದು ಮಕ್ಕಳು ಅಭಿಮಾನದಿಂದ ಹೇಳುವರು. ಈ ನುಂಗುವಿಕೆ ನಿಜವಾಗಿ ಸಹನೆಯೋ, ಸಹನೆಯ ವೇಷ ತೊಟ್ಟ ಬೇರೊಂದು ಭಾವವೋ ಎಂಬುದು ವಿಚಾರಾರ್ಹವಾದುದು.

ಸಹನೆಯೆಂದರೆ ಬಂದುದನ್ನು ಅರಿತು ತಾಳುವುದು. ಅರಿಯದೆ ತಾಳುವುದಕ್ಕೆ ಆ ಹೆಸರು ಸಲ್ಲದು. ಏರಿದ ರಕ್ತದೊತ್ತಡವನ್ನೇ ನೋಡಿರಿ. ಅದು ಬಹುಮಟ್ಟಿಗೆ ನೋವನ್ನೂ ಕೊಡದು, ಸೂಚನೆಯನ್ನೂ ಕೊಡದು. ವರುಷಗಟ್ಟಲೆ ಮೌನವಾಗಿದ್ದುಕೊಂಡೇ ಮೆದುಳು, ಹೃದಯ, ಮೂತ್ರಪಿಂಡ, ಕಣ್ಣುಗಳನ್ನು ಕೆಡಿಸುವುದು. ತೋಳಿಗೆ ಪಟ್ಟಿ ಕಟ್ಟಿ ಅಳೆದಲ್ಲದೆ ತಿಳಿಯುವಂತಿಲ್ಲ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90ನ್ನು ಮುಟ್ಟುತ್ತಿದ್ದರೆ ವೈದ್ಯರು ಸಾಮಾನ್ಯವಾಗಿ ಅದನ್ನು ರೋಗವೆನ್ನುವರು. 'ನನಗೇನೂ ಆಗಿಲ್ಲ' ಎನ್ನುವ ಹಿರಿಯರ ಮಾತು ಇಲ್ಲಿ ಸುಳ್ಳಲ್ಲ. ಆದರೆ ಸಾಕ್ಷಿಯೂ ಅಲ್ಲ. ಮಧುಮೇಹದಲ್ಲಿ ಕಾಲಿನ ನರಗಳು ಜಡವಾದರೆ ಮುಳ್ಳು ಚುಚ್ಚಿದರೂ ಅರಿವಾಗದು. ಹುಣ್ಣು ಕೊಳೆತ ಮೇಲೆ ಬೆರಳನ್ನೇ ತೆಗೆಯಬೇಕಾಗುವುದುಂಟು. ಬರಿಗಾಲಲ್ಲಿ ಹೊಲ ಮೆಟ್ಟುವ ರೈತರಿಗೆ ಇದು ದೂರದ ಮಾತಲ್ಲ.

ಗಂಡಸರಲ್ಲಿ ಇದರ ಮೇಲೆ ಸಂಕೋಚವೊಂದು ಬೇರೆ. ವಯಸ್ಸಾದಂತೆ ಮೂತ್ರಕೋಶದ ಕೆಳಗಿರುವ ಗ್ರಂಥಿ ಹಿಗ್ಗುವುದು ಸಾಮಾನ್ಯ. ರಾತ್ರಿ ಮೂರು ನಾಲ್ಕು ಸಲ ಏಳುವುದು, ಧಾರೆ ಸಣ್ಣದಾಗುವುದು, ಎಷ್ಟು ಹೊತ್ತು ಕಳೆದರೂ ಪೂರ್ತಿಯಾಗಲಿಲ್ಲವೆನಿಸುವುದು ಇದರ ಲಕ್ಷಣಗಳು. ಹಲವರಿಗೆ ಗುಳಿಗೆಗಳಿಂದಲೇ ಉಪಶಮನ ದೊರೆಯುವುದು. ಆದರೂ ಹೆಂಡತಿಗೂ ಹೇಳದೆ, ಮಗನಿಗೂ ಹೇಳದೆ, ಕಡೆಗೊಂದು ರಾತ್ರಿ ಮೂತ್ರ ಕಟ್ಟಿ ನರಳುತ್ತ ಗಾಡಿಯೇರುವವರಿದ್ದಾರೆ. ಶರೀರವನ್ನು ಗುಡಿಗೆ ಹೋಲಿಸಿದ ಬಸವಣ್ಣನವರ ಮಾತನ್ನು ನಿತ್ಯ ಹಾಡುವ ನಾವು, ಆ ಗುಡಿಯ ಗೋಡೆ ಬಿರುಕುಬಿಟ್ಟುದನ್ನು ಹೇಳಲು ನಾಚುತ್ತೇವೆ! ವೈದ್ಯವನ್ನೇ ಕಾಯಕವಾಗಿ ನಡೆಸಿದ ವೈದ್ಯ ಸಂಗಣ್ಣನವರು ಶರಣರ ಗಣದಲ್ಲಿದ್ದರು. ಚಿಕಿತ್ಸೆ ಮಾಡುವುದು ಕಾಯಕವಾದರೆ ಚಿಕಿತ್ಸೆ ಪಡೆಯುವುದು ಹೀನವಾಗುವುದೆಂತು?

'ಮರಣಕ್ಕೆ ಅಂಜದವನು ವೈದ್ಯರ ಬಾಗಿಲನ್ನೇಕೆ ಕಾಯಬೇಕು?' ಎಂದು ಕೇಳುವವರುಂಟು. ಇದು ಹಗುರವಾದ ಆಕ್ಷೇಪವಲ್ಲ. ಆದರೆ ಮರಣಕ್ಕೆ ಅಂಜದಿರುವುದು ಬೇರೆ, ತಿಳಿಯುವುದಕ್ಕೆ ಅಂಜುವುದು ಬೇರೆ. ರೋಗವೇನು, ಚಿಕಿತ್ಸೆಯ ಲಾಭವೆಷ್ಟು, ಕಷ್ಟವೆಷ್ಟು ಎಂಬುದನ್ನು ಕೇಳಿ ತಿಳಿದು, ಬಳಿಕ 'ಈ ವಯಸ್ಸಿನಲ್ಲಿ ಈ ಶಸ್ತ್ರಚಿಕಿತ್ಸೆ ನನಗೆ ಬೇಡ' ಎಂದು ಹಿರಿಯರೊಬ್ಬರು ಹೇಳಿದರೆ ಮನೆಯವರು ಅದನ್ನು ಗೌರವಿಸತಕ್ಕದ್ದು. ಏನೆಂದೇ ತಿಳಿಯದೆ ಬೇಡವೆನ್ನುವುದು ನಿರ್ಧಾರವೇ ಅಲ್ಲ. ಅಲ್ಲದೆ ಮುಚ್ಚಿಟ್ಟ ಬೇನೆ ಮರಣವನ್ನೇ ತರುವುದೆಂಬ ಭರವಸೆಯೂ ಇಲ್ಲ. ಲಕ್ವ ಹೊಡೆದು ಹಾಸಿಗೆ ಹಿಡಿದರೆ, ಯಾರಿಗೂ ಭಾರವಾಗಬಾರದೆಂದು ಬಾಯಿ ಮುಚ್ಚಿಕೊಂಡವರ ಭಾರವನ್ನು ಹೆಂಡತಿ, ಸೊಸೆಯಂದಿರು ವರುಷಗಟ್ಟಲೆ ಹೊರುವರು. ಅವರನ್ನು ಯಾರೂ ಮೊದಲು ಕೇಳಿರುವುದಿಲ್ಲ.

ಆಸ್ಪತ್ರೆಗೆ ಹೋದ ಮಾತ್ರಕ್ಕೆ ಕೆಲಸ ಮುಗಿಯದು. ವೈದ್ಯರ ಮಾತಿಗೆಲ್ಲ 'ಹೂಂ' ಎಂದು ತಲೆಯಾಡಿಸಿ, ಹೊರಗೆ ಬಂದು 'ಏನಂದರಪ್ಪಾ?' ಎಂದು ಔಷಧದಂಗಡಿಯ ಹುಡುಗನನ್ನು ಕೇಳುವ ಹಿರಿಯರನ್ನು ಕಂಡಿದ್ದೇನೆ. ಅನುಭವ ಮಂಟಪದ ಪರಂಪರೆಯವರು ಪ್ರಶ್ನೆ ಕೇಳಲು ಸಂಕೋಚಪಡುವುದು ವಿಚಿತ್ರವೇ ಸರಿ. ರಕ್ತದೊತ್ತಡ ಇಳಿಯಿತೆಂದು ಗುಳಿಗೆಯನ್ನು ತಾವೇ ಬಿಡುವವರೂ ಇದ್ದಾರೆ; ಇಳಿದುದು ಗುಳಿಗೆಯಿಂದಲೇ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

30 ವರುಷ ಮೀರಿದವರಿಗೆ ರಕ್ತದೊತ್ತಡ, ಮಧುಮೇಹಗಳ ತಪಾಸಣೆಯನ್ನು ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುವರು. ಎದೆ ಬಿಗಿದು ಬೆವರಿಳಿದರೆ ಮಾತ್ರ ಅದನ್ನು ವಾಯುವೆಂದು ಕೂತುಕೊಳ್ಳದೆ ಕೂಡಲೇ 108ಕ್ಕೆ ಕರೆ ಮಾಡಿಸತಕ್ಕದ್ದು. ಉಳಿದುದಕ್ಕೆ ಸಂತೆಗೆ ಹೋದ ದಿನವೇ ಸಾಕು: ಹಳೆಯ ಚೀಟಿಗಳು, ನುಂಗುತ್ತಿರುವ ಗುಳಿಗೆಗಳ ಚೀಲ, ಕನ್ನಡಕ, ಮತ್ತು ಓದಬಲ್ಲ ಒಬ್ಬ ಮೊಮ್ಮಗಳು ಜೊತೆಗಿರಲಿ.