ಬಾರಲಾರದವರ ವ್ಯಾಜ್ಯ

ಹಸಿದವನಿಗೆ ಅನ್ನವಿಕ್ಕುವುದನ್ನು ದಾನವೆಂದೂ, ಅಕ್ಷರ ಕಲಿಸುವುದನ್ನು ವಿದ್ಯಾದಾನವೆಂದೂ ನಮ್ಮ ಹಿರಿಯರು ಎಣಿಸಿಕೊಂಡು ಬಂದಿರುವರಷ್ಟೆ. ಶುಲ್ಕ ತೆರಲಾರದವನ ಪರವಾಗಿ ವಕೀಲನೊಬ್ಬನು ನ್ಯಾಯಾಲಯದಲ್ಲಿ ನಿಂತು ಮಾತನಾಡುವುದನ್ನೂ ಅದೇ ಪಂಕ್ತಿಯಲ್ಲಿ ಕೂರಿಸಬಹುದೇ ಎಂಬುದು, ಚಿಕ್ಕಬಳ್ಳಾಪುರದಲ್ಲಿಯೂ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿಯೂ ನಡೆಯುತ್ತಿರುವ ಉಚಿತ ಕಾನೂನು ನೆರವಿನ ಕಾರ್ಯವನ್ನು ಕುರಿತು ಯೋಚಿಸುವಾಗಲೆಲ್ಲ ನನ್ನ ಮುಂದೆ ನಿಲ್ಲುವ ಪ್ರಶ್ನೆ. ಕೂರಿಸಲಾಗದೆಂದೇ ನನ್ನ ನಿಲುವು. ದಾನಿಗೆ ಕೊಡದಿರುವ ಸ್ವಾತಂತ್ರ್ಯವುಂಟು, ಋಣಿಗೆ ಅದಿಲ್ಲ. ಪ್ರಜೆಯು ತನ್ನ ಹೊಲದ ಬದುವನ್ನು ತೋಳ್ಬಲದಿಂದ ಕಾಯ್ದುಕೊಳ್ಳಕೂಡದೆಂದೂ, ತಕರಾರೇನಿದ್ದರೂ ನ್ಯಾಯಪೀಠದ ಮುಂದೆಯೇ ತರತಕ್ಕದ್ದೆಂದೂ ವಿಧಿಸಿದ ರಾಜ್ಯವು, ಆ ಪೀಠದ ರೀತಿಯನ್ನರಿಯದವನ ಪಾಲಿಗೆ ಅದನ್ನರಿತವನೊಬ್ಬನನ್ನು ಒದಗಿಸಿಕೊಡುವವರೆಗೂ ಅವನ ಸಾಲದಲ್ಲಿಯೇ ಉಳಿದಿರುತ್ತದೆ.

ಈ ವಿಚಾರಕ್ಕೆ ಸಾಕ್ಷಿಯನ್ನರಸಿ ದೂರ ಹೋಗಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ಬಳಿ ವಿದುರಾಶ್ವತ್ಥವಿದೆ. ವಿದುರನು ನೆಟ್ಟದ್ದೆಂದು ಜನ ನಂಬಿ ಪೂಜಿಸಿದ ಅಶ್ವತ್ಥವು 2001ರಲ್ಲಿ ಉರುಳಿತಾದರೂ ಹರಕೆ ಹೊತ್ತವರು ಪ್ರತಿಷ್ಠಿಸಿದ ನಾಗರಕಲ್ಲುಗಳು ಅಲ್ಲಿ ಸಾಲುಸಾಲಾಗಿ ನಿಂತಿವೆ. ದಾಸಿಯ ಮಗನೆಂಬ ಕಾರಣದಿಂದ ಸಿಂಹಾಸನಕ್ಕೆ ಬಾಧ್ಯನಾಗದೆ ಹೋದ ಆ ವಿದುರನೇ, ದ್ಯೂತಸಭೆಯಲ್ಲಿ ದ್ರೌಪದಿಯು, ಮೊದಲು ತಾನೇ ಸೋತುಹೋದ ಗಂಡನಿಗೆ ಹೆಂಡತಿಯನ್ನು ಪಣವಿಡುವ ಅಧಿಕಾರವೆಲ್ಲಿ ಉಳಿಯಿತು ಎಂಬ ಪ್ರಶ್ನೆಯನ್ನೆತ್ತಿದಾಗ, ಧರ್ಮವನ್ನರಿತೂ ಸಭೆಯಲ್ಲಿ ಕುಳಿತು ಉತ್ತರ ಕೊಡದವನಿಗೆ ಸುಳ್ಳಾಡಿದವನ ಪಾಪದಲ್ಲಿ ಅರ್ಧ ಸಲ್ಲುವುದೆಂದು ಎಚ್ಚರಿಸಿದವನು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಆಕೆಯದು ಅಪ್ಪಟ ಸಿವಿಲ್ ಪ್ರಶ್ನೆ: ಹಕ್ಕು ಯಾರದು, ಪರಭಾರೆಗೆ ಅಧಿಕಾರಿ ಯಾರು ಎಂಬುದು. ಧರ್ಮದ ಗತಿ ಸೂಕ್ಷ್ಮವೆಂದು ಭೀಷ್ಮರು ಹಿಂದೆಗೆದರು. ಇದೇ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ಧ್ವಜವೇರಿಸುವುದಕ್ಕೂ ಭಾಷಣಕ್ಕೂ ಇದ್ದ ನಿಷೇಧವನ್ನು ಧಿಕ್ಕರಿಸಿ ಸೇರಿದ್ದ ಜನರ ಮೇಲೆ ಗುಂಡು ಹಾರಿತೆಂಬುದನ್ನು ನೆನೆದರೆ, ಪ್ರಶ್ನೆಗೆ ಉತ್ತರ ಕೊಡಲೊಲ್ಲದ ಸಭೆಗಳು ದ್ವಾಪರದಲ್ಲಿಯೇ ಮುಗಿದುಹೋಗಲಿಲ್ಲವೆಂಬುದು ಮನಸ್ಸಿಗೆ ನಾಟುತ್ತದೆ.

ಕೌಟಿಲ್ಯನು ವಿದುರನಿಗಿಂತಲೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಸ್ತ್ರೀಯರು, ಬಾಲಕರು, ವೃದ್ಧರು, ರೋಗಿಗಳು, ದಿಕ್ಕಿಲ್ಲದವರು ತಾವಾಗಿ ಬಾರದಿದ್ದರೂ ಅವರ ಕಾರ್ಯಗಳನ್ನು ಧರ್ಮಸ್ಥರೇ, ಎಂದರೆ ನ್ಯಾಯಾಧೀಶರೇ, ಕೈಗೆತ್ತಿಕೊಳ್ಳಬೇಕೆಂದು ಅರ್ಥಶಾಸ್ತ್ರ ವಿಧಿಸುತ್ತದೆ. ನಮ್ಮ ಕಾಲವಾದರೋ ಈ ಋಣವನ್ನು ಒಪ್ಪಿಕೊಳ್ಳಲು ಬಹಳ ತಡಮಾಡಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ನಿರ್ಗತಿಕನಾದ ವಾದಿಗೆ ನ್ಯಾಯಾಲಯದ ಶುಲ್ಕವನ್ನು ಮುಂದಕ್ಕೆ ಹಾಕಿತೇ ಹೊರತು ವಕೀಲನನ್ನು ಕೊಡಲಿಲ್ಲ. ಸಂವಿಧಾನದಲ್ಲಿ ಉಚಿತ ಕಾನೂನು ನೆರವಿನ 39ಎ ವಿಧಿ ಸೇರಿದ್ದು 1976ರ ತಿದ್ದುಪಡಿಯಿಂದ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1987ರಲ್ಲಿ ಅಂಗೀಕೃತವಾದರೂ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರಂತೆ ಸ್ತ್ರೀಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ದೊರೆಯತಕ್ಕದ್ದು. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ಆಲ್ಟರ್ನೇಟಿವ್ ಲಾ ಫೋರಂನಂಥ ಲಾಭಾಪೇಕ್ಷೆಯಿಲ್ಲದ ಸಂಸ್ಥೆಗಳೂ ಈ ಭಾರಕ್ಕೆ ಹೆಗಲು ಕೊಟ್ಟಿವೆ.

ಆದರೆ ಅಧಿನಿಯಮದಲ್ಲಿರುವ ನೆರವು ಮನುಷ್ಯರನ್ನು ಮುಟ್ಟುವುದು ಒಂದು ಬೆಂಚಿನ ಮೇಲೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಅದ್ದಿ ಎಳೆ ತೆಗೆದು ತೆಗೆದು ಬೆರಳ ತುದಿ ಬೆಳ್ಳಗೆ ಸುಕ್ಕಾದ ಹೆಂಗಸು, ಪ್ಲಾಸ್ಟಿಕ್ ಚೀಲವೊಂದರಲ್ಲಿ ಪಹಣಿ, ಗಂಡನ ಮರಣ ಪ್ರಮಾಣಪತ್ರ, ಪಡಿತರ ಚೀಟಿ ಎಲ್ಲವನ್ನೂ ಒಟ್ಟಿಗೆ ಮಡಿಸಿ ತಂದು ವಕೀಲನ ಮುಂದಿಡುತ್ತಾಳೆ. ಆಕೆಯ ಮನೆಮಾತು ತೆಲುಗು; ದಾವೆಯ ಕಾಗದ ಕನ್ನಡದ್ದು; ತೀರ್ಪಿನ ಆಧಾರವಾಗುವ ಕಾನೂನು ಇಂಗ್ಲಿಷಿನದು. ಪೌತಿ ಖಾತೆಯಾಗಿಲ್ಲ, ಮೈದುನ ಹೊಲಕ್ಕೆ ಇಳಿಯಗೊಡುವುದಿಲ್ಲ, ಹಿಂದೆ ನಂಬಿದ ಮಧ್ಯವರ್ತಿ ಮುಂಗಡ ಹಣದೊಡನೆ ಮೂಲಪತ್ರವನ್ನೂ ಇಟ್ಟುಕೊಂಡಿದ್ದಾನೆ ಎಂಬುದನ್ನೆಲ್ಲ ಆಕೆ ಹೇಳುವ ಕ್ರಮದಲ್ಲಿಯೇ ಕೇಳಿ, ಅದರೊಳಗಿಂದ ವ್ಯಾಜ್ಯಕಾರಣವನ್ನು ಬಿಡಿಸಿ ತೆಗೆದು ವಕಾಲತ್ತಿಗೆ ರುಜು ಹಾಕಿಸಿಕೊಳ್ಳುವುದು ನಿಧಾನದ ಕೆಲಸ. ಶುಲ್ಕವಿಲ್ಲವೆಂದು ಈ ಕೇಳ್ಮೆಯನ್ನು ಮೊಟಕು ಮಾಡುವವನು ಋಣದ ಅರ್ಧವನ್ನೂ ತೀರಿಸಿದವನಲ್ಲ.

ಬಡವನ ಪಕ್ಷವೆಲ್ಲ ಸತ್ಯಪಕ್ಷವೇ ಎಂದು ಕೇಳುವವರುಂಟು, ಕೇಳುವುದು ನ್ಯಾಯವೇ. ಮೇಲ್ನೋಟಕ್ಕಾದರೂ ಪ್ರಕರಣದಲ್ಲಿ ಹುರುಳಿರಬೇಕೆಂದು ಅಧಿನಿಯಮವೇ ಹೇಳಿದೆ. ಬಡವನೂ ಸುಳ್ಳಾಡಬಲ್ಲನು, ಸೋಲತಕ್ಕ ದಾವೆಯನ್ನು ಹೂಡಬಲ್ಲನು. ಆದರೆ ವಿದುರನು ಅದೇ ಸಭೆಗೆ ಹೇಳಿದ ಕಥೆಯಲ್ಲಿ, ಮಗನಾದ ವಿರೋಚನನಿಗೂ ಸುಧನ್ವನಿಗೂ ಯಾರು ಶ್ರೇಷ್ಠರೆಂಬ ವಾದ ಹುಟ್ಟಿ ಮಗನ ಪ್ರಾಣವೇ ಪಣವಾಗಿದ್ದಾಗಲೂ ಪ್ರಹ್ಲಾದನು ಸುಧನ್ವನೇ ಶ್ರೇಷ್ಠನೆಂದು ನುಡಿಯಲು ಸಾಧ್ಯವಾದದ್ದು, ಇಬ್ಬರ ವಾದವೂ ಅವನ ಮುಂದೆ ಬಂದು ನಿಂತದ್ದರಿಂದ. ಒಂದೇ ಪಕ್ಷ ಮಾತನಾಡಿದಲ್ಲಿ ಸರಿಯಾದ ತೀರ್ಪು ಬಂದರೂ ಅದು ಆಕಸ್ಮಿಕ. ಆದಕಾರಣ ಸೋಲುವವನಿಗೂ ವಕೀಲನು ಸಲ್ಲತಕ್ಕವನು. ಏಕೆ ಸೋತೆನೆಂಬುದನ್ನು ತಿಳಿದು ಮನೆಗೆ ಹೋಗುವುದು ಅವನ ಹಕ್ಕಿನಲ್ಲಿಯೇ ಸೇರಿದೆ.

ದಾನದ ವಿಚಾರವು ನನಗೆ ಅತ್ಯಂತ ತೀವ್ರವಾಗಿ ಎದುರಾಗುವುದು ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ಕರ್ನಾಟಕವು ತಂದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳಿಗೆ ಸಮಪಾಲು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ರಾಜಧಾನಿಯ ನೆರಳು ಚಾಚಿ ಎಕರೆಯ ಬೆಲೆ ಏರಿದಂತೆಲ್ಲ, ತವರಿನಿಂದ ಅರಿಶಿನ ಕುಂಕುಮದೊಡನೆ ಹಕ್ಕು ಬಿಡುಗಡೆ ಪತ್ರವೂ ಅಕ್ಕತಂಗಿಯರ ಬಳಿಗೆ ಬರತೊಡಗಿದೆ. ತವರಿನ ಬಾಗಿಲು ಮುಚ್ಚದಿರಲೆಂದು ಆಕೆ ಪಾಲನ್ನು ಬಿಟ್ಟರೆ ಅದು ಉದಾತ್ತವೇ ಆದೀತು. ಆದರೆ ತನ್ನದೆಂದು ತಿಳಿಯದುದನ್ನು ಬಿಟ್ಟವಳು ಏನನ್ನು ಕೊಟ್ಟಂತಾಯಿತು? ಲೋಕ ಅದಾಲತ್ತಿನಲ್ಲಿ ರಾಜಿಯಾದ ತೀರ್ಪಿನ ಮೇಲೆ ಅಪೀಲಿಲ್ಲ. ಅಲ್ಲಿ ಸೌಮನಸ್ಯದ ಒತ್ತಡ ಅಣ್ಣಂದಿರ ಒತ್ತಡಕ್ಕಿಂತ ಕಡಿಮೆಯದೇನಲ್ಲ. ಆಕೆಯ ಪಕ್ಕದಲ್ಲಿರುವ ಶುಲ್ಕವಿಲ್ಲದ ವಕೀಲನು ಸರ್ವೆ ನಂಬರು, ವಿಸ್ತೀರ್ಣ, ಇಂದಿನ ಬೆಲೆ ಇವನ್ನು ಆಕೆಯ ಮಾತಿನಲ್ಲಿಯೇ ಆಕೆಗೆ ತಿಳಿಸಿ, ಬೇಕಿದ್ದರೆ ಮುಂದಿನ ವಾಯಿದೆಗೆ ರುಜು ಹಾಕಬಹುದಮ್ಮ, ಈವತ್ತೇ ಹಾಕಬೇಕೆಂಬ ನಿರ್ಬಂಧವಿಲ್ಲ ಎಂದು ಹೇಳುವಷ್ಟು ಧೈರ್ಯವುಳ್ಳವನಾಗಿರಬೇಕು. ಆಮೇಲೆ ಆಕೆ ಪಾಲನ್ನು ಬಿಡಲಿ, ಪಡೆಯಲಿ.